ನೋಡೋಕೆ ಬಂದವರು, ನಡಕೊಳ್ಳೋರು

ನಮ್ಮ ಹುಣಸಗಿ ಕಡೆ ಯಾರೂ ‘ನಾನು ಆ ದೇವರನ್ನು ನಂಬ್ತೀನಿ’ ಅನ್ನೋದಿಲ್ಲ. ‘ನಾವು ಕೊಡೇಕಲ್ ಬಸವಣ್ಣಗ ನಡಕೋತೀವ್ರಿ’ ಅಂತಾರೆ. ಇಲ್ಲವೇ, ‘ತಿಂಥಣಿ ಮೋನಪ್ಪಯ್ಯಗ ನಡಕೋತೀವಿ.’ ಮನಸ್ಸಿನೊಳಗೆ ಏನಿದೆ ಅಂತ ಯಾರೂ ಕೆದಕೋದಿಲ್ಲ. ಜಾತ್ರೆಗೆ ಹೋಗಬೇಕು, ಕಾಯಿ ಒಡೀಬೇಕು, ಹೊತ್ತ ಹರಕೆ ತೀರಿಸಬೇಕು.

ಬೆಂಗಳೂರಿನ ಆಫೀಸಿನ ಇಬ್ಬರು ಗೆಳೆಯರನ್ನು ತಿಂಥಣಿಗೆ ಕರೆದುಕೊಂಡು ಹೋಗಿದ್ದೆ. ಕೃಷ್ಣೆಯ ದಂಡೆ, ಗುಡಿಯೋ ದರ್ಗಾವೋ ಅಂತ ಹೊಸಬರಿಗೆ ಗೊತ್ತಾಗದಂಥ ಕಟ್ಟಡ. ಹಿಂದೂ, ಮುಸ್ಲಿಂ ಇಬ್ಬರೂ ಬರ್ತಾರೆ. ಒಬ್ಬ ಗೆಳೆಯ ಒಳಗೆ ಹೋಗಿ, ಹೊಸ್ತಿಲಿಗೆ ಹಣೆ ಹಚ್ಚಿದ್ದ ಅಜ್ಜಿಯೊಬ್ಬಳ ಪಕ್ಕದಲ್ಲೇ ಸೆಲ್ಫಿ ತಗೊಂಡ. ಇನ್ನೊಬ್ಬ ಹೊರಗೇ ನಿಂತ. ‘ನಂಬಿಕೆ ಇಲ್ಲದೆ ಕೈ ಮುಗಿದರೆ ಅದು ಸುಳ್ಳಲ್ವಾ?’ ಅಂದ.

ಸೆಲ್ಫಿಯವನ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಹೊರಗೆ ನಿಂತವನ ಪ್ರಶ್ನೆ ಮಾತ್ರ ಬಿಡಲಿಲ್ಲ. ಕೈ ಮುಗಿಯೋದು ಅಂದರೆ ‘ನಾನು ಇದನ್ನೆಲ್ಲ ಒಪ್ಪಿದ್ದೇನೆ’ ಅಂತ ಸಹಿ ಹಾಕಿದ ಹಾಗೆ ಅಂತ ಅವನ ಲೆಕ್ಕ. ಹಿರಿಯರು ಬಂದಾಗ ಎದ್ದು ನಿಲ್ತೀವಲ್ಲ, ಅವರ ಅಭಿಪ್ರಾಯಗಳನ್ನೆಲ್ಲ ಒಪ್ಪಿಯೇ ನಿಲ್ತೀವಾ? ‘ನಡಕೊಳ್ಳೋದು’ ಅನ್ನೋ ಮಾತಿಗೆ ಭಕ್ತಿ ಅನ್ನೋ ಅರ್ಥವೂ ಇದೆ, ವರ್ತನೆ ಅನ್ನೋ ಅರ್ಥವೂ ಇದೆ. ಮೊದಲನೆಯದು ಪ್ರವಾಸಿಗೆ ಸಾಧ್ಯವಾಗದಿರಬಹುದು. ಎರಡನೆಯದರಿಂದ ಅವನಿಗೂ ವಿನಾಯಿತಿ ಇಲ್ಲ.

ಪ್ಯಾರಿಸಿನ ನೋತ್ರ್ ದಾಮ್ ಚರ್ಚು 2019ರ ಏಪ್ರಿಲ್‌ನಲ್ಲಿ ಸುಟ್ಟು, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಅದಕ್ಕೂ ಮುಂಚೆ ಫ್ರಾನ್ಸಿನ ಆಗಿನ ಸಂಸ್ಕೃತಿ ಸಚಿವೆ ರಷೀದಾ ದಾತಿ, ಪ್ರವಾಸಿಗರಿಂದ ತಲಾ 5 ಯೂರೋ ತಗೊಳ್ಳೋಣ ಅಂದಿದ್ದರು. ಚರ್ಚಿನವರು ಒಪ್ಪಲಿಲ್ಲ. ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ನೋಡೋಕೆ ಹೋದರೆ ಟಿಕೆಟ್ಟು, ಪ್ರಾರ್ಥನೆಗೆ ಹೋದರೆ ಪುಕ್ಕಟೆ. ಹಳೇ ಕಟ್ಟಡ ಉಳಿಸೋಕೆ ದುಡ್ಡು ಬೇಕು, ನಿಜ. ಆದರೂ ನಾನು ಪ್ಯಾರಿಸಿನವರ ಕಡೆ. ದುಡ್ಡು ಕೊಟ್ಟ ಕೂಡಲೇ ಮನುಷ್ಯ ಗಿರಾಕಿ ಆಗಿಬಿಡ್ತಾನೆ. ಅಜ್ಜಿ ಫೋಟೋಗೆ ಅಡ್ಡ ಬಂದಳು ಅಂತ ಗೊಣಗೋ ಹಕ್ಕೂ ಅವನಿಗೆ ಸಿಕ್ಕಿಬಿಡುತ್ತೆ.

ಆದರೆ ನನ್ನ ವಾದ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೆ. ಜೀನ್ಸ್ ಹಾಕಿಕೊಂಡು, ಕಾರಿಂದ ಇಳಿದು ಗುಡಿಗೆ ಹೋಗುವ ನನ್ನನ್ನು ಯಾರೂ ಜಾತಿ ಕೇಳೋದಿಲ್ಲ. ಎಷ್ಟೋ ಊರುಗಳಲ್ಲಿ, ಅದೇ ದೇವರಿಗೆ ತಲೆತಲಾಂತರದಿಂದ ನಡಕೊಂಡು ಬಂದವರು ಈಗಲೂ ಕಟ್ಟೆಯ ಕೆಳಗೇ ನಿಂತಿರುತ್ತಾರೆ. ನೋಡೋಕೆ ಬಂದವನಿಗೆ ಒಳಗೆ ಜಾಗ, ನಡಕೊಳ್ಳೋನಿಗೆ ಹೊರಗೆ. ಅಂಥ ಕಡೆ ಒಳಗೆ ಹೋಗಿ ಮರ್ಯಾದೆಯಿಂದ ಕೈ ಮುಗಿದರೆ, ನಾನು ಯಾರಿಗೆ ಮರ್ಯಾದೆ ಕೊಟ್ಟಂತಾಯ್ತು? ಅಲ್ಲಿ ಹೊರಗೆ ನಿಲ್ಲೋದೇ ಸರಿಯಾದ ನಡವಳಿಕೆ ಇರಬಹುದು. ಗೆಳೆಯ ಕೊಟ್ಟ ಕಾರಣಕ್ಕಲ್ಲ, ಬೇರೆ ಕಾರಣಕ್ಕೆ.

ಇದನ್ನು ಅವನಿಗೆ ಹೇಳಿದೆ. ಮುಂದಿನ ಸಲ ಕೊಡೇಕಲ್ಲಿಗೂ ಬರ್ತಾನಂತೆ. ಕೈ ಮಾತ್ರ ಮುಗಿಯಲ್ಲವಂತೆ. ಬರಲಿ.