ಹಳೆಯ ಬೆಳಕು, ಹೊಸ ಕಣ್ಣು

ತಂದೆ ಬಿಟ್ಟುಹೋದ ವಸ್ತುವನ್ನು ಮಗ ಏನು ಮಾಡಬೇಕು? ಗದ್ದೆಯಾದರೆ ಉಳಬಹುದು, ಪಾತ್ರೆಯಾದರೆ ಅಟ್ಟದಿಂದಿಳಿಸಿ ಬೆಳಗಬಹುದು. ಆದರೆ ಕೈಗೆ ಬಂದದ್ದು ಒಂದು ಶಕ್ತಿಯಾದರೆ? ಪ್ರಶ್ನೆ ವಿಚಿತ್ರವೆನಿಸೀತು. ಒಂದು ಸಣ್ಣ ಉದಾಹರಣೆಯಿಂದ ನೋಡೋಣ.

ಕುಂದಾಪುರದಿಂದ ಘಟ್ಟದ ದಿಕ್ಕಿಗೆ ಹೊರಟರೆ ವಾರಾಹಿ ಹೊಳೆಯ ಬದಿಯಲ್ಲಿ ಹಾಲಾಡಿ ಸಿಗುತ್ತದೆ. ಅದು ಯಕ್ಷಗಾನದ ಸೀಮೆ. ಊರಿನ ಹೆಸರಿನಲ್ಲೇ ಬಡಗುತಿಟ್ಟಿನ ಮೇಳವೊಂದಿದೆ. ಆ ಊರಿನ ಒಬ್ಬ ಛಾಯಾಗ್ರಾಹಕನನ್ನು ಊಹಿಸಿಕೊಳ್ಳಿ. ತಂದೆ ಫಿಲ್ಮಿನ ಕಾಲದಲ್ಲಿ ಮದುವೆಮನೆಯಲ್ಲೂ ಆಟದ ಚೌಕಿಯಲ್ಲೂ ಚಿತ್ರ ತೆಗೆದವರು. ಮಗನ ಕೈಯಲ್ಲಿರುವುದು ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ. ತಂದೆಯ ಫ್ಲ್ಯಾಷ್ ಇನ್ನೂ ಬೆಳಗುತ್ತದೆ. ಹೊಸ ಕ್ಯಾಮೆರಾದ ನೆತ್ತಿಯ ಹಾಟ್ ಶೂವಿನಲ್ಲಿ ಸರಾಗವಾಗಿ ಕೂಡುತ್ತದೆ. ಕೂಡಿದ ಮಾತ್ರಕ್ಕೆ ಹೊಂದಿತೆಂದು ತಿಳಿಯುವುದು ಸಹಜ. ಅಪಾಯವಿರುವುದು ಅಲ್ಲಿಯೇ.

ಹಳೆಯ ಕ್ಯಾಮೆರಾದಲ್ಲಿ ಫ್ಲ್ಯಾಷನ್ನು ಹೊತ್ತಿಸುತ್ತಿದ್ದದ್ದು ಎರಡು ಲೋಹದ ಪಟ್ಟಿಗಳ ಸ್ಪರ್ಶ. ಅವುಗಳ ನಡುವೆ 200 ವೋಲ್ಟ್ ಇದ್ದರೂ ಲೋಹಕ್ಕೆ ಅದು ಭಾರವಲ್ಲ. ಹೊಸದರಲ್ಲಿ ಆ ಕೆಲಸ ಸೂಕ್ಷ್ಮವಾದ ಇಲೆಕ್ಟ್ರಾನಿಕ್ ಮಂಡಲದ್ದು. 1992ರ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 10330 ಇದಕ್ಕೆ 24 ವೋಲ್ಟಿನ ಲೆಕ್ಕ ಹಾಕಿತು. ನಿಕಾನ್ ತನ್ನ ಕೈಪಿಡಿಗಳಲ್ಲಿ 250 ವೋಲ್ಟನ್ನು ಮೀರಬೇಡಿರೆನ್ನುತ್ತದೆ. ಎಲ್ಲ ಕ್ಯಾಮೆರಾಗಳಿಗೂ ಅಷ್ಟು ಸಹನೆಯಿಲ್ಲ. ಇತ್ತ ವಿವಿಟಾರ್ 283 ಎಂಬ ಹೆಸರಾಂತ ಫ್ಲ್ಯಾಷನ್ನೇ ನೋಡಿ. ಮೊದಮೊದಲು ತಯಾರಾದವುಗಳಲ್ಲಿ 200ನ್ನು ದಾಟುವ ವೋಲ್ಟ್. ಅದೇ ಹೆಸರು, ಅದೇ ರೂಪದ ಮುಂದಿನವುಗಳಲ್ಲಿ 10ರ ಆಸುಪಾಸು. ಹೆಸರು ಕೇಳಿ ನಂಬುವಂತಿಲ್ಲ, ಮುಖ ನೋಡಿ ಶಂಕಿಸುವಂತೆಯೂ ಇಲ್ಲ. ಫ್ಲ್ಯಾಷ್ ಪೂರ್ತಿ ಚಾರ್ಜಾದ ಮೇಲೆ, ಅದರ ಕಾಲಿನ ನಡುಬಿಂದುವಿಗೂ ಬದಿಯ ಲೋಹಕ್ಕೂ ಮಲ್ಟಿಮೀಟರ್ ಹಿಡಿದು ಅಳೆದೇ ತಿಳಿಯಬೇಕು.

ಇಲ್ಲಿ ಮನುಷ್ಯಸ್ವಭಾವ ಎರಡು ದಾರಿ ಹಿಡಿಯುತ್ತದೆ. “ಹಳೆಯ ಕಸ, ಎಸೆ” ಎನ್ನುವವನೊಬ್ಬ. “ಅಪ್ಪಯ್ಯ ಇಷ್ಟು ವರ್ಷ ಬಳಸಿದ್ದು, ಏನೂ ಆಗುವುದಿಲ್ಲ” ಎನ್ನುವವನು ಮತ್ತೊಬ್ಬ. ಒಬ್ಬನನ್ನು ಉದ್ಧಟನೆಂದೂ ಇನ್ನೊಬ್ಬನನ್ನು ಪಿತೃಭಕ್ತನೆಂದೂ ಲೋಕ ಕರೆದೀತು. ಆದರೆ ಇಬ್ಬರೂ ತಪ್ಪಿಸಿಕೊಂಡದ್ದು ಒಂದೇ ಕೆಲಸವನ್ನು, ಅಳೆಯುವ ಶ್ರಮವನ್ನು. ತಿರಸ್ಕಾರವೂ ಭಕ್ತಿಯೂ ಎಷ್ಟೋ ಸಲ ಒಂದೇ ಸೋಮಾರಿತನದ ಎರಡು ವೇಷಗಳು.

ಮೂರನೆಯ ದಾರಿಗೆ ದೂರ ಹೋಗಬೇಕಾಗಿಲ್ಲ. ಇದೇ ವಾರಾಹಿಯ ನೀರಿನಿಂದ, ಮೇಲ್ಗಡೆಯ ಹೊಸಂಗಡಿಯಲ್ಲಿ, ನೆಲದೊಳಗಿನ ವಿದ್ಯುದಾಗಾರ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಲಕ್ಷ ದಾಟಿದ ವೋಲ್ಟಿನಲ್ಲಿ ತಂತಿಯೇರಿ ಹೊರಡುವ ಆ ಶಕ್ತಿ ಟ್ರಾನ್ಸ್‌ಫಾರ್ಮರುಗಳಲ್ಲಿ ಇಳಿದಿಳಿದು 230 ವೋಲ್ಟಾಗಿ ಮನೆಯೊಳಗೆ ಬರುತ್ತದೆ. ಇದರಿಂದ ಹೊಳೆಗೆ ಅವಮಾನವಾಯಿತೆಂದು ಯಾರೂ ಹೇಳಿಲ್ಲ. ಫ್ಲ್ಯಾಷಿಗೂ ಅಂಥ ಮಧ್ಯಸ್ಥರುಂಟು. ವೈನ್ ಸೇಫ್ ಸಿಂಕ್ ಎಂಬ ಸಾಧನ ನಡುವೆ ಕೂತು ವೋಲ್ಟನ್ನು ತಗ್ಗಿಸುತ್ತದೆ. ರೇಡಿಯೊ ಟ್ರಿಗರ್ ಇಟ್ಟುಕೊಂಡರೆ, ಅದರ ಮಿತಿಯನ್ನೂ ವಿಚಾರಿಸಿ, ಫ್ಲ್ಯಾಷನ್ನು ಕ್ಯಾಮೆರಾಕ್ಕೆ ಮುಟ್ಟಿಸದೆ ಚೌಕಿಯ ಮೂಲೆಯಲ್ಲೇ ನಿಲ್ಲಿಸಬಹುದು. ಬದಿಯಿಂದ ಬಿದ್ದ ಬೆಳಕಿನಲ್ಲಿ ವೇಷಧಾರಿಯ ಮುಖವರ್ಣಿಕೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಹೀಗೆ ತಗ್ಗಿಸಿದರೆ ಹಳೆಯದರ ಸತ್ವ ಕುಂದದೆ? ಕುಂದುವುದಿಲ್ಲ. ಇಳಿಯುವುದು ಹೊತ್ತಿಸುವ ತಂತಿಯಲ್ಲಿನ ವೋಲ್ಟು ಮಾತ್ರ. ಬೆಳಕು ಮೊದಲಿನಷ್ಟೇ ಪ್ರಖರವಾಗಿರುತ್ತದೆ. ಹಿರಿಯರಿಂದ ಬಂದ ಆಚಾರಗಳ ವಿಷಯದಲ್ಲಿ ನಾವು ಗೊಂದಲಗೊಳ್ಳುವುದು ಇಲ್ಲಿಯೇ. ಅವುಗಳ ಅಧಿಕಾರ ತಗ್ಗಿದರೆ ಬೆಳಕೇ ಆರಿತೆಂದು ಹೆದರುತ್ತೇವೆ. ಅಧಿಕಾರ ಬೇರೆ, ಬೆಳಕು ಬೇರೆ.

ಹಳೆಯದರಿಂದ ಎಲ್ಲವನ್ನೂ ಕೇಳಲೂಬಾರದು. ಈಗಿನ ಕ್ಯಾಮೆರಾ ಮುಂಚೆ ಒಂದು ಕಿರುಮಿಂಚು ಹಾರಿಸಿ, ಮರಳಿದ ಬೆಳಕನ್ನು ಅಳೆದು ಫ್ಲ್ಯಾಷಿಗೆ ಆಜ್ಞೆ ಕೊಡುತ್ತದೆ. ಆ ಭಾಷೆ ಹಳೆಯದಕ್ಕೆ ತಿಳಿಯದು. ಆದರೆ ಎಷ್ಟೋ ಹಳೆಯ ಆಟೊ ಫ್ಲ್ಯಾಷುಗಳಿಗೆ ತಮ್ಮದೇ ಕಣ್ಣುಂಟು. ಐಎಸ್‌ಒ, ಅಪರ್ಚರುಗಳನ್ನು ಹೊಂದಿಸಿಟ್ಟರೆ ಸಾಕು, ಬೇಕಾದಷ್ಟು ಬೆಳಕು ಕೊಟ್ಟು ತಾವೇ ನಿಲ್ಲುತ್ತವೆ. ಅಜ್ಜನಿಂದ ಮೊಮ್ಮಗನ ಕೆಲಸವನ್ನು ಬಯಸದೆ, ಅಜ್ಜನಿಗೆ ಬರುವುದನ್ನು ಕೇಳಿ ಪಡೆಯುವುದೇ ಗೌರವ.

ಇನ್ನೊಂದು ಮಾತನ್ನು ಮರೆಯಬಾರದು. ಜೋಡಣೆ ಕೆಟ್ಟರೆ ಸುಡುವುದು ಹೊಸದು. ಹಳೆಯದಕ್ಕೆ ಏನೂ ಆಗುವುದಿಲ್ಲ. ಏನಾಯಿತೆಂದು ಅದಕ್ಕೆ ತಿಳಿಯುವುದೂ ಇಲ್ಲ. ಮನೆಗಳಲ್ಲೂ ಹಾಗೆಯೇ. ಮಗಳ ಓದು, ಸೊಸೆಯ ಉದ್ಯೋಗ, ಮೊಮ್ಮಗನ ಮದುವೆ ಇವುಗಳ ಮೇಲೆ ಹಿಂದಿನ ಕಟ್ಟಳೆಯೊಂದನ್ನು ನೇರವಾಗಿ ಕೂರಿಸಿದಾಗ ಬೇಯುವವರು ಎಳೆಯರು. ಕಟ್ಟಳೆ ಮಾಡಿದವರು ಕೆಡುಕರಲ್ಲ, ಎಳೆಯರು ದುರ್ಬಲರೂ ಅಲ್ಲ. ಹೊಣೆ ನಡುವೆ ನಿಂತು ಎರಡನ್ನೂ ಜೋಡಿಸುವ ಕೈಯದು. ನಮ್ಮಲ್ಲಿ ಬಹುಮಂದಿ ಈಗ ನಿಂತಿರುವುದು ಆ ನಡುವಿನ ಜಾಗದಲ್ಲೇ. ತಂದೆಯ ಬೆಳಕು ಮಕ್ಕಳಿಗೆ ಸಿಗಬೇಕಾದರೆ, ಜೋಡಿಸುವ ಮೊದಲು ಅಳೆಯುವಷ್ಟು ತಾಳ್ಮೆ ನಮಗಿರಬೇಕು.