ಗಾಳಿಗೆ ಬಿಟ್ಟ ಎಳೆ

ಚಾಸರ್ ಕವಿಯ ‘ಕ್ಯಾಂಟರ್ಬರಿ ಕಥೆಗಳು’ ಕಾವ್ಯದಲ್ಲಿ ಒಂದು ಅರಮನೆಯ ಪ್ರಸಂಗ ಬರುತ್ತದೆ. ತಾರ್ತರ ದೊರೆಯ ಹುಟ್ಟುಹಬ್ಬದ ಔತಣ ನಡೆದಿರುವಾಗ ಅಪರಿಚಿತ ಸವಾರನೊಬ್ಬ ಹಿತ್ತಾಳೆಯ ಕುದುರೆ ಏರಿ ಒಳಗೆ ಬರುತ್ತಾನೆ. ಜೊತೆಗೆ ಮಾಯದ ಕನ್ನಡಿ, ಉಂಗುರ, ಕತ್ತಿ. ಸುತ್ತ ನೆರೆದ ಜನ ಇದು ಹೇಗೆ, ಅದು ಹೇಗೆ ಎಂದು ತಲೆಗೊಂದು ಊಹೆ ಹರಿಬಿಡುತ್ತಾರೆ. ಅವರಲ್ಲೇ ಕೆಲವರಿಗೆ ಗಾಜಿನ ನೆನಪಾಗುತ್ತದೆ. ಜರೀಗಿಡದ ಬೂದಿಯಿಂದ ಗಾಜು ಆಗುತ್ತದಲ್ಲ, ಬೂದಿಗೂ ಗಾಜಿಗೂ ಎಲ್ಲಿಯ ಹೋಲಿಕೆ? ಆದರೆ ಅದು ಎಲ್ಲರಿಗೂ ಬಹುಕಾಲದಿಂದ ಗೊತ್ತಿರುವ ಸಂಗತಿ. ಹಾಗಾಗಿ ಯಾರೂ ಅದಕ್ಕೆ ಬೆರಗಾಗುವುದಿಲ್ಲ. ಗುಡುಗು, ಕಡಲಿನ ಉಬ್ಬರವಿಳಿತ, ಗಾಸಮರ್, ಮಂಜು, ಇವೂ ಅಷ್ಟೇ. ಕಾರಣ ತಿಳಿಯುವ ತನಕ ಮಾತ್ರ ಸೋಜಿಗ ಎಂದು ಹೇಳಿ ಕವಿ ಮುಂದೆ ಸಾಗುತ್ತಾನೆ.

ಗುಡುಗು ಮತ್ತು ಕಡಲಿನ ಸಾಲಿನಲ್ಲಿ ಜಾಗ ಪಡೆದ ಈ ಗಾಸಮರ್ ಕಣ್ಣಿಗೆ ಕಂಡೂ ಕಾಣದಂಥ ಒಂದು ಎಳೆ. ಇಂಗ್ಲೆಂಡಿನ ಶರತ್ಕಾಲದಲ್ಲಿ, ಚಳಿ ಹತ್ತಿರವಾಗುತ್ತಿರುವಾಗ, ನಡುವೆ ಕೆಲವು ದಿನ ಬಿಸಿಲು ಹಿತವಾಗಿ ಕಾಯುತ್ತದೆ. ಆಗ ಹೊಲ, ಬೇಲಿ, ಪೊದೆಗಳ ಮೇಲೆಲ್ಲ ಈ ಎಳೆಗಳು ಹರಡಿಕೊಂಡು ಗಾಳಿಯಲ್ಲೂ ತೇಲುತ್ತಿರುತ್ತವೆ. ಶಬ್ದದ ಒಳಗಿರುವುದು ಬಾತು ಮತ್ತು ಬೇಸಿಗೆ. ಬಾತುಗಳು ಕೊಬ್ಬಿ ಅಡುಗೆಮನೆ ಸೇರುವ ನವೆಂಬರಿನ ಆ ಹುಸಿಬೇಸಿಗೆಯ ಹೆಸರೇ ಎಳೆಗೂ ಬಂತು ಎನ್ನುವವರಿದ್ದಾರೆ. ಎಳೆ ಬಾತಿನ ತುಪ್ಪುಳದಂತೆ ಇರುವುದರಿಂದ ಬಂತು ಎನ್ನುವವರೂ ಇದ್ದಾರೆ. ಜರ್ಮನರು ಆ ಬೆಚ್ಚನೆಯ ದಿನಗಳನ್ನು ಮುದುಕಿಯರ ಬೇಸಿಗೆ ಎನ್ನುತ್ತಾರೆ, ಅವರಲ್ಲೂ ಅದೇ ಮಾತು ಎಳೆಗೂ ಸಲ್ಲುತ್ತದೆ. ಋತು ಮತ್ತು ನೂಲು ಎರಡಕ್ಕೂ ಒಂದೇ ಹೆಸರು ಸಾಕೆನಿಸಿದ ಆ ಕಾಲದ ಕಣ್ಣನ್ನು ನಾನು ತುಂಬ ಪ್ರೀತಿಸುತ್ತೇನೆ.

ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ವಿಷಯ. ಬಾತು ಇದೆ, ಬೇಸಿಗೆ ಇದೆ. ಆ ಎಳೆ ಬಿಡುವ ಜೇಡ ಮಾತ್ರ ಆ ಹೆಸರಿನಲ್ಲಿ ಎಲ್ಲೂ ಇಲ್ಲ. ಕನ್ನಡದಲ್ಲಿ ಜೇಡ ಎಂದರೆ ಹುಳುವೂ ಹೌದು, ನೇಕಾರನೂ ಹೌದು. ಜೇಡರ ದಾಸಿಮಯ್ಯನ ಹೆಸರಿನಲ್ಲಿ ಆ ಕಸುಬು ಈಗಲೂ ಉಳಿದಿದೆ. ಗಾಸಮರ್ ಎಂದವರಿಗೆ ನೂಲು ಕಂಡಿತ್ತು, ನೇಯುವವನು ಕಂಡಿರಲಿಲ್ಲ. ಆದ್ದರಿಂದ ಊಹೆಗಳು ಹುಟ್ಟಿದವು. ಬಿಸಿಲಿಗೆ ಒಣಗಿದ ಇಬ್ಬನಿಯೇ ಎಳೆಯಾಗುತ್ತದೆ ಎಂದು ನಂಬಿದವರಿದ್ದರು. ಸೂಕ್ಷ್ಮದರ್ಶಕದಲ್ಲಿ ಚಿಗಟದ ಕಾಲಿನ ರೋಮವನ್ನೂ ಬಿಡದೆ ನೋಡಿದ ರಾಬರ್ಟ್ ಹುಕ್, 1665ರ ತನ್ನ ‘ಮೈಕ್ರೋಗ್ರಾಫಿಯಾ’ದಲ್ಲಿ, ಬೇಸಿಗೆಯ ಬಿಳಿ ಮೋಡಗಳೂ ಇದೇ ವಸ್ತುವಿನವು ಆಗಿರಬಹುದು ಎಂದು ಬರೆದ. ಮೋಡಗಳೆಲ್ಲ ನೂಲಿನ ರಾಶಿ! ಊಹೆ ನಿಜವಾಗಲಿಲ್ಲ, ಆದರೆ ಅಷ್ಟು ದೂರ ಹೋಗುವ ಮನಸ್ಸು ಇರಬೇಕು.

1741ರ ಸೆಪ್ಟೆಂಬರ್ 21ರಂದು, ಮುಂದೆ ನಿಸರ್ಗ ಬರಹಗಾರನಾದ ಗಿಲ್ಬರ್ಟ್ ವೈಟ್‌ಗೆ ಇಪ್ಪತ್ತೊಂದರ ಪ್ರಾಯ. ನಸುಕಿಗೆ ಮುಂಚೆ ಎದ್ದು ನಾಯಿಗಳೊಡನೆ ಬೇಟೆಗೆ ಹೊರಟ. ಕೊಯ್ಲಾದ ಹೊಲದ ಕೂಳೆಯ ಮೇಲೆಲ್ಲ ಇಬ್ಬನಿ ನೆನೆದ ಬಲೆ ದಪ್ಪ ಹೊದಿಕೆಯಂತೆ ಬಿದ್ದಿತ್ತು. ನಾಯಿಗಳ ಕಣ್ಣು ಮುಚ್ಚಿಹೋಗಿ, ಮುಂದೆ ಹೋಗಲಾರದೆ, ಅವು ನೆಲದ ಮೇಲೆ ಮಲಗಿ ಮುಂಗಾಲಿನಿಂದ ಮುಖ ಕೆರೆದುಕೊಳ್ಳತೊಡಗಿದವು. ಬೇಟೆ ಬಿಟ್ಟು ಮನೆಗೆ ಮರಳಿದ. ಒಂಬತ್ತು ಗಂಟೆಯ ಹೊತ್ತಿಗೆ ಆಕಾಶದಿಂದಲೇ ಬಲೆ ಸುರಿಯಲು ಶುರುವಾಯಿತು. ಬಿಡಿ ಎಳೆಗಳಲ್ಲ, ಬೆರಳಗಲದ ಚೂರುಗಳು, ಐದಾರು ಅಂಗುಲ ಉದ್ದದವು, ಬಿಸಿಲಿಗೆ ಮಿನುಗುತ್ತ, ಸಂಜೆಯ ತನಕ. ಪಕ್ಕದ ಊರಿನವನೊಬ್ಬ ತನ್ನ ಹೊಲಕ್ಕಿಂತ ಮುನ್ನೂರು ಅಡಿ ಎತ್ತರದ ಗುಡ್ಡ ಏರಿದರೆ ಮಳೆಯ ಮೇಲೆ ಹೋದೇನು ಎಂದು ಕುದುರೆ ಹತ್ತಿ ಹೋಗಿ ನೋಡಿದ. ಅಲ್ಲೂ ತಲೆಯ ಮೇಲಿನಿಂದ ಅದು ಇಳಿಯುತ್ತಲೇ ಇತ್ತು. ನಮ್ಮ ಕಡೆ ಮಾಗಿಯ ಬೆಳಗಿನಲ್ಲಿ ಗದ್ದೆಯ ಕೂಳೆ ಮೇಲೆ ಹನಿಗಟ್ಟಿದ ಬಲೆಗಳನ್ನು ಕಂಡಿದ್ದೇನೆ. ಇಡೀ ಹಗಲು ಅದು ಬಾನಿನಿಂದ ಬೀಳುವುದನ್ನು ಕಲ್ಪಿಸಿಕೊಳ್ಳಲು ಆ ಮುಖ ಕೆರೆದುಕೊಳ್ಳುವ ನಾಯಿಗಳೇ ನನಗೆ ನೆರವಾಗುತ್ತವೆ.

ಆ ಹೊತ್ತಿಗಾಗಲೇ ಕಾರಣ ಗೊತ್ತಾಗಿತ್ತು. ಜೇಡಗಳು ಗಾಳಿಗೆ ಎಳೆ ಬಿಟ್ಟು ಹಾರುವುದನ್ನು ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಮಾರ್ಟಿನ್ ಲಿಸ್ಟರ್ 17ನೇ ಶತಮಾನದಲ್ಲೇ ಕಂಡಿದ್ದ. ಚಾಸರನ ಮಾತಿನಂತೆ ಬೆರಗು ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 1832ರ ನವೆಂಬರ್ 1ರಂದು ಪ್ಲಾಟಾ ನದಿಯ ಮುಖದೊಳಗೆ, ನೆಲದಿಂದ 60 ಮೈಲಿ ದೂರದಲ್ಲಿ, ಬೀಗಲ್ ಹಡಗಿನ ಹಗ್ಗಗಳ ಮೇಲೆ ಸಾವಿರಾರು ಜೇಡಗಳು ಬಂದಿಳಿದವು. ಒಂದೊಂದೂ ಅಂಗುಲದ ಹತ್ತನೇ ಒಂದು ಭಾಗದಷ್ಟು ಗಾತ್ರ. ಡಾರ್ವಿನ್ ಅವುಗಳ ಹತ್ತಿರ ಕೂತು ನೋಡಿದ. ಹಗ್ಗ ಮುಟ್ಟುವ ಕ್ಷಣದಲ್ಲಿ ಪ್ರತಿಯೊಂದೂ ಒಂಟಿ ಎಳೆಯ ಮೇಲಿತ್ತು. 1883ರಲ್ಲಿ ಕ್ರಾಕಟೋವ ಜ್ವಾಲಾಮುಖಿ ಸಿಡಿದು ದ್ವೀಪವೇ ಸುಟ್ಟುಹೋದ ಮೇಲೆ, ಮರುವರ್ಷದ ಮೇ ತಿಂಗಳಲ್ಲಿ ಹುಡುಕಿ ಹೋದವರಿಗೆ ಸಿಕ್ಕ ಒಂದೇ ಜೀವಿ ಸಣ್ಣದೊಂದು ಜೇಡ. ಹಿಡಿಯಲು ಒಂದು ನೊಣವೂ ಇಲ್ಲದ ಕಡೆ ಅದು ಬಲೆ ನೇಯುತ್ತಿತ್ತು.

ಗಾಳಿ ಹೊತ್ತೊಯ್ಯುತ್ತದೆ ಎಂದುಕೊಂಡರೂ ಒಂದು ತೊಡಕು ಉಳಿದಿತ್ತು. ಎಲೆ ಅಲ್ಲಾಡದ ದಿನದಲ್ಲೂ ಜೇಡಗಳು ಮೇಲೇಳುತ್ತವೆ. 2018ರಲ್ಲಿ ಬ್ರಿಸ್ಟಲ್‌ನ ಎರಿಕಾ ಮಾರ್ಲಿ ಮತ್ತು ಡೇನಿಯಲ್ ರಾಬರ್ಟ್ ಗಾಳಿಯಾಡದ ಪೆಟ್ಟಿಗೆಯಲ್ಲಿ ಪುಟ್ಟ ಜೇಡಗಳನ್ನಿಟ್ಟು ವಿದ್ಯುತ್ ಕ್ಷೇತ್ರ ಒಡ್ಡಿದರು. ಜೇಡಗಳು ಕಾಲು ನೀಟಿ ತುದಿಗಾಲಲ್ಲಿ ನಿಂತವು, ಹೊಟ್ಟೆಯ ತುದಿ ಮೇಲೆತ್ತಿ ಎಳೆ ಬಿಟ್ಟವು, ಕೆಲವು ಹಾರಿಯೂ ಬಿಟ್ಟವು. ಕ್ಷೇತ್ರ ತೆಗೆದರೆ ಕೆಳಗೆ, ಕೊಟ್ಟರೆ ಮತ್ತೆ ಮೇಲಕ್ಕೆ. ಮೋಡವಿಲ್ಲದ ದಿನವೂ ನೆಲದಿಂದ ಮೇಲಕ್ಕೆ ಮೀಟರಿಗೆ ಸುಮಾರು 100 ವೋಲ್ಟ್‌ನಂತೆ ಏರುವ ವಿದ್ಯುತ್ತು ನಮ್ಮ ಸುತ್ತಲೂ ಇದೆ. ಅದರಲ್ಲೇ ನಡೆದಾಡುವ ನಮಗೆ ಅದರ ಸುಳಿವಿಲ್ಲ. ಜೇಡಕ್ಕೆ ಕಾಲಿನ ರೋಮ ಅಲುಗಿ ಗೊತ್ತಾಗುತ್ತದೆ. ಚಾಸರ್ ಗುಡುಗಿನ ಪಕ್ಕಕ್ಕೇ ಗಾಸಮರ್ ಇಟ್ಟನಲ್ಲ, ಎರಡರ ಹಿಂದೆಯೂ ಇರುವುದು ಆಕಾಶದ ಅದೇ ವಿದ್ಯುತ್ತು. ಇಷ್ಟೆಲ್ಲ ತಿಳಿದ ಮೇಲೆ ನನ್ನ ಸೋಜಿಗ ತಗ್ಗಿಲ್ಲ. ಇಬ್ಬನಿ ಒಣಗಿ ನೂಲಾಯಿತು ಎಂಬ ಕಥೆ ಇದರ ಮುಂದೆ ಎಷ್ಟು ಸಪ್ಪೆ!

ಶಬ್ದವೂ ಸುಮ್ಮನೆ ಕೂರಲಿಲ್ಲ. ಮದುವಣಗಿತ್ತಿಯ ಮುಸುಕಿನ ಬಟ್ಟೆಗೆ ಆ ಹೆಸರು ಬಂತು, ಹಗುರ ರೇಷ್ಮೆ ಟೋಪಿಗೂ ಬಂತು. ಡಿಕನ್ಸನ ಕಾದಂಬರಿಯ ಸ್ಯಾಮ್ ವೆಲರ್ ಅಂಚು ಕಿತ್ತು ತೂತುಬಿದ್ದ ತನ್ನ ಟೋಪಿಯನ್ನು ಗಾಳಿಯಾಡುವ ಗಾಸಮರ್ ಎನ್ನುತ್ತಾನೆ. ಅಮೆರಿಕದಲ್ಲಿ ಹೆಂಗಸರ ತೆಳು ಮಳೆಕೋಟಿಗೂ ಅದೇ ಹೆಸರಿತ್ತು.

ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದಲ್ಲಿ ಕುರುಡ ಗ್ಲಾಸ್ಟರ್ ಡೋವರಿನ ಕಡಿದಾದ ಬಂಡೆಯಿಂದ ಬಿದ್ದೆನೆಂದು ನಂಬಿ, ಸಾಯದೆ ಉಳಿದಾಗ, ಮಗ ಎಡ್ಗರ್ ಅವನಿಗೆ ಹೇಳುವುದು ಇದನ್ನು: ನೀನು ಗಾಸಮರ್, ಗರಿ, ಗಾಳಿ ಬಿಟ್ಟು ಬೇರೇನೇ ಆಗಿದ್ದರೂ ಮೊಟ್ಟೆಯಂತೆ ಒಡೆದುಹೋಗುತ್ತಿದ್ದೆ. ಆ ಡೋವರಿನ ಪಕ್ಕದ ಫೋಕ್‌ಸ್ಟನ್‌ನಿಂದ 1979ರ ಜೂನ್ 12ರಂದು ಬ್ರಯನ್ ಅಲೆನ್ ಪೆಡಲು ತುಳಿಯುತ್ತ ಕಡಲ ಮೇಲೆ ಹಾರಿಹೊರಟ. ಪಾಲ್ ಮೆಕ್ರೀಡಿ ಕಟ್ಟಿದ ಆ ವಿಮಾನದ ಹೆಸರು ಗಾಸಮರ್ ಆಲ್ಬಟ್ರಾಸ್. ರೆಕ್ಕೆಯ ಹರವು ಸುಮಾರು 30 ಮೀಟರ್, ತೂಕ ಸುಮಾರು 32 ಕಿಲೋ, ಮೈಗೆಲ್ಲ ಪಾರದರ್ಶಕ ಹಾಳೆ, ಎಂಜಿನ್ ಎಂದರೆ ಅವನ ಎರಡು ಕಾಲು. ನಡುದಾರಿಯಲ್ಲಿ ಎದುರುಗಾಳಿಗೆ ಸೋತು, ಜೊತೆಗೆ ಬರುತ್ತಿದ್ದ ದೋಣಿಯವರು ಹಗ್ಗ ಕಟ್ಟಿ ಎಳೆಯಲಿ ಎಂದು ಸನ್ನೆ ಮಾಡಿದ. ಹಗ್ಗ ಸಿಕ್ಕಿಸಲು ಜಾಗ ಬೇಕಲ್ಲ, ಅದಕ್ಕಾಗಿ ಸ್ವಲ್ಪ ಮೇಲೇರಿದ. ಮೇಲೆ ಗಾಳಿ ನಯವಾಗಿತ್ತು. ಹಗ್ಗ ಬೇಡವೆಂದು ಮತ್ತೆ ತುಳಿದ. ಹೊರಟ 2 ಗಂಟೆ 49 ನಿಮಿಷಕ್ಕೆ ಫ್ರಾನ್ಸಿನ ಮರಳಿನ ಮೇಲೆ ಇಳಿದ.