ಕೈ ಸಡಿಲಿಸುವುದು, ಕೈ ಬಿಡುವುದು

ಚೆನ್ನೈಯಿಂದ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಕೋವಳಂ ಸಿಗುತ್ತದೆ. ಕೆಲವು ಭಾನುವಾರ ಬೆಳಗಿನ ಜಾವ ಅಲ್ಲಿಯ ಕಡಲ ತೀರದಲ್ಲಿ ನಾವು ಮೂವರು ಮೌಂಟನ್ ಬೈಕ್ ಓಡಿಸುತ್ತೇವೆ. ಡಾಂಬರು ರಸ್ತೆಯಲ್ಲಿ ನನಗೆ ಬಹಳ ವರ್ಷಗಳ ಅಭ್ಯಾಸವಿತ್ತು. ಆದರೂ ಮರಳಿಗಿಳಿದ ಮೊದಲ ದಿನ ಇಪ್ಪತ್ತು ಅಡಿಯೊಳಗೆ ಎರಡು ಸಲ ಬಿದ್ದೆ.

"ಹ್ಯಾಂಡಲ್ ಕುತ್ತಿಗಿ ಯಾಕ ಹಿಚಕಾಕತ್ತೀಯೋ ಮಾರಾಯಾ?" ಅಂದ ಹುಬ್ಬಳ್ಳಿಯ ಗೆಳೆಯ.

ಒಣ ಮರಳಿನಲ್ಲಿ ಮುಂದಿನ ಗಾಲಿ ತನ್ನಷ್ಟಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತದೆ. ಹೆದರಿ ಹ್ಯಾಂಡಲ್ ಬಿಗಿಹಿಡಿದು ತಿದ್ದಲು ಹೋದರೆ ಗಾಲಿ ನೇಗಿಲಿನಂತೆ ಅಡ್ಡ ನಿಂತು ಹೂತುಕೊಳ್ಳುತ್ತದೆ. ಮರಳು ಬರುವ ಮೊದಲೇ ಹಗುರ ಗೇರಿಗೆ ಇಳಿಸಬೇಕು. ಸೀಟಿನ ಮೇಲೆ ಕೊಂಚ ಹಿಂದಕ್ಕೆ ಸರಿದು ಮುಂಗಾಲಿಯ ಭಾರ ಕಡಿಮೆ ಮಾಡಬೇಕು. ದೃಷ್ಟಿ ದೂರಕ್ಕಿರಬೇಕು, ಹಿಡಿತ ಸಡಿಲವಿರಬೇಕು. ಗಾಲಿ ಅಲೆದಾಡಿದರೆ ಅಲೆದಾಡಲಿ. ಪೆಡಲ್ ಮಾತ್ರ ಒಂದೇ ಸಮನೆ ತಿರುಗುತ್ತಿರಬೇಕು. ಟೈರಿನ ಗಾಳಿಯನ್ನೂ ಇಳಿಸಬೇಕು. ನಾನು 35 ಪಿಎಸ್‌ಐನಿಂದ 20ಕ್ಕೆ ತರುತ್ತೇನೆ. ಆಗ ಟೈರು ಅಗಲವಾಗಿ ಮರಳಿನ ಮೇಲೆ ಕೂರುತ್ತದೆ. ತೀರಾ ಇಳಿಸಿದರೆ ರಿಮ್ಮಿಗೆ ಸಿಕ್ಕಿ ಟ್ಯೂಬು ಒಡೆಯುತ್ತದೆ. ಸಡಿಲಕ್ಕೂ ಒಂದು ಮಿತಿಯಿದೆ.

ಇದನ್ನು ಕಲಿಯುತ್ತಿದ್ದ ದಿನಗಳಲ್ಲೇ ಮೈಸೂರಿನಲ್ಲಿ ಒಬ್ಬರೇ ಇರುವ ಅಪ್ಪ ನನಗೊಂದು ಪ್ರಶ್ನೆ ಕೇಳಿದ್ದರು. ಅಮ್ಮ ಹೋದ ಮೇಲೆ ನಾನು ಅವರ ನಡುಮನೆಯಲ್ಲಿ ಕ್ಯಾಮೆರಾ ಹಾಕಿಸಿದ್ದೆ. ಆಫೀಸಿನಿಂದ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ. ಮಾತ್ರೆ ತಡವಾದರೆ ಫೋನು, ಚಪ್ಪಲಿ ಮೆಟ್ಟಿದರೆ ಫೋನು. ಒಂದು ದಿನ ಅವರು ಅದನ್ನು ಗೋಡೆಗೆ ತಿರುಗಿಸಿ ಕೇಳಿದರು: "ನೀನು ನನ್ನ ನೋಡ್ಕೊಳ್ತಿದೀಯೋ, ನೋಡ್ತಾ ಇದೀಯೋ?"

ಉತ್ತರ ಹೊಳೆಯಲಿಲ್ಲ. ಕ್ಯಾಮೆರಾ ತೆಗೆಸಿದೆ. ಅಪ್ಪನ ಸ್ವಾತಂತ್ರ್ಯವನ್ನು ಗೌರವಿಸಿದೆನೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಆ ಮಳೆಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಪಕ್ಕದ ಮನೆಯವರು ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಪುಣ್ಯಕ್ಕೆ ಮಣಿಕಟ್ಟು ಊದಿದ್ದಷ್ಟೆ. "ನಿನ್ನ ಕ್ಯಾಮೆರಾ ಬಂದು ಎತ್ತಿ ನಿಲ್ಲಿಸ್ತಿತ್ತಾ?" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ನನಗೆ ಸಮಾಧಾನವಾಗಲಿಲ್ಲ. ಮರಳಿನಲ್ಲಿ ಬಿದ್ದರೆ ಕೊಡವಿಕೊಂಡು ಏಳಬಹುದು, ಬಚ್ಚಲ ಕಲ್ಲು ಮರಳಲ್ಲ. ನನ್ನ ಹೋಲಿಕೆ ಅಷ್ಟರಮಟ್ಟಿಗೆ ಕುಂಟುತ್ತದೆ.

ಬಿದ್ದರೆಂಬ ಕಾರಣಕ್ಕೇ ಕ್ಯಾಮೆರಾ ತೆಗೆಸಿದ್ದು ತಪ್ಪಾಗುವುದೇ? ಹಾಗೆ ಅನಿಸುವುದಿಲ್ಲ. ತನ್ನ ಮನೆಯಲ್ಲಿ ಯಾರ ಕಣ್ಣೂ ಇಲ್ಲದೆ ಓಡಾಡುವ ಹಕ್ಕು ಎಪ್ಪತ್ತು ದಾಟಿದವರಿಗೂ ಇದೆ. ನನ್ನ ತಪ್ಪು ಬೇರೆ ಕಡೆಯಿತ್ತು. ಕ್ಯಾಮೆರಾ ಹೋದ ಮೇಲೆ ನನ್ನ ಫೋನು ವಾರಕ್ಕೊಂದಾಗಿತ್ತು. ಮೂರು ತಿಂಗಳು ಊರಿಗೇ ಹೋಗಿರಲಿಲ್ಲ. ಅವರ ಸ್ವಾತಂತ್ರ್ಯ ನನಗೂ ಅನುಕೂಲವಾಗಿತ್ತು. ಕೈ ಸಡಿಲಿಸುವ ನೆಪದಲ್ಲಿ ನಾನು ಪೆಡಲನ್ನೂ ನಿಲ್ಲಿಸಿದ್ದೆ. ಇನ್ನೊಬ್ಬರ ಬದುಕನ್ನು ಬಿಗಿಹಿಡಿಯುವುದರಲ್ಲಿ ಇರುವುದು ನಮ್ಮದೇ ಭಯ. ಆ ಭಯ ಬಿಟ್ಟೊಡನೆ ದುಡಿಮೆಯನ್ನೂ ಬಿಟ್ಟರೆ, ಅದಕ್ಕೆ ಕನ್ನಡದಲ್ಲಿ ಕೈ ಬಿಡುವುದು ಎಂದೇ ಹೆಸರು.

ಈಗ ತಿಂಗಳಿಗೆ ಎರಡು ಶುಕ್ರವಾರ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತುತ್ತೇನೆ. ಪಕ್ಕದ ಮನೆಯಲ್ಲೊಂದು ಬೀಗದ ಕೈ ಇದೆ. ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿ ಹಾಕಿಸಿದ್ದೇವೆ. ಎಲ್ಲಿ, ಎಷ್ಟು ಎತ್ತರಕ್ಕೆ ಎಂದು ತೋರಿಸಿದ್ದು ಅಪ್ಪನೇ. ರಾತ್ರಿ ಫೋನು ಎತ್ತದಿದ್ದರೆ ಈಗಲೂ ನನ್ನ ಬೆರಳು ಬಿಗಿಯುತ್ತದೆ. ಹತ್ತು ನಿಮಿಷ ಕಾಯುತ್ತೇನೆ. ಸಾಮಾನ್ಯವಾಗಿ ಅವರೇ ಮಾಡುತ್ತಾರೆ: "ವಾಕಿಂಗ್ ಹೋಗಿದ್ದೆ ಕಣೋ, ಏನು ವಿಷಯ?"